ಎಡ ಮಡಿಕೆ

ಅತ್ತೆ ಸತ್ತ ಆರು ತಿಂಗಳಿಗೆ ಸೊಸೆಯ ಕಣ್ಣಲ್ಲಿ ನೀರು ಬಂತು ಎಂದು ಗಾದೆ. ನನ್ನ ಅತ್ತೆ ಗಟ್ಟಿಮುಟ್ಟಾಗಿದ್ದಾರೆ, ಪಕ್ಕದ ಕೋಣೆಯಲ್ಲಿ ಕೂತು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದಾರೆ. ಅವರ ಬಗ್ಗೆ ಬರೆಯಲು ಅಷ್ಟು ಕಾಲ ಕಾಯುವ ತಾಳ್ಮೆ ನನಗಿಲ್ಲ. ಬರೆಯುತ್ತೇನೆಂದು ಅವರಿಗೆ ಹೇಳಿಯೇ ಕೂತಿದ್ದೇನೆ. "ಬರಿ. ಆದ್ರೆ ನನ್ನನ್ನ ದೇವದೂತೆ ಮಾಡಬೇಡ" ಅಂದರು. ಸೊಸೆಯೊಬ್ಬಳು ಬರೆಯುವಾಗ ಆ ಭಯ ಯಾವ ಅತ್ತೆಗೂ ಬೇಡ.

ಮೂವತ್ತೇಳು ವರ್ಷ ಅವರು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದರು. ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಹಜಾರ, ಅದರೊಳಗೆ ಒಂದೇ ಸಾಲಿನಲ್ಲಿ ತಣ್ಣೀರಿನ ತೊಟ್ಟಿ, ಉಜ್ಜುವ ಕಲ್ಲು, ಕುದಿಸುವ ಹಂಡೆ, ಹಬೆಯ ಕೊಳವೆಗಳ ಒಣಗಿಸುವ ಕೋಣೆ, ಕೊನೆಗೆ ಮಡಿಸುವ ಮೇಜು. ಬಟ್ಟೆ ಈ ತುದಿಯಿಂದ ಆ ತುದಿಗೆ ಹೋಗಬೇಕು, ನಡುವೆ ಒಂದನ್ನೂ ಬಿಡುವಂತಿಲ್ಲ. ಆ ಶಿಸ್ತು ಅತ್ತೆಯ ಮೈಗೆ ಎಷ್ಟು ಹತ್ತಿದೆಯೆಂದರೆ, ಮದುವೆಯಾಗಿ ನಾನು ಈ ಮನೆಗೆ ಬಂದ ಮೂರನೆಯ ದಿನ ನನ್ನ ಅಂಗಿಯೊಂದನ್ನು ಬಕೆಟ್ಟಿನಿಂದ ಎತ್ತಿ ಬೆಳಕಿಗೆ ಹಿಡಿದರು. "ಕಲೆ ನೋಡದೆ ನೀರಿಗೆ ಹಾಕ್ತಾರೇನಮ್ಮ? ರಕ್ತದ ಕಲೆ, ಹಾಲಿನ ಕಲೆ ಮೊದಲು ತಣ್ಣೀರು ನೋಡಬೇಕು. ನೇರ ಬಿಸಿನೀರಿಗೆ ಹಾಕಿದ್ರೆ ಕಚ್ಚಿಕೊಂಡು ಬಿಡುತ್ತೆ. ಆಮೇಲೆ ದೇವರೇ ಬಂದು ಉಜ್ಜಿದ್ರೂ ಹೋಗಲ್ಲ." ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಶುಚಿಯ ಪಾಠ ನನಗೂ ಗೊತ್ತು ಎಂದು ಮೂತಿ ತಿರುಗಿಸಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಬಂದಾಗ ನನಗೆ ಸಂತೋಷವೇನೂ ಆಗಲಿಲ್ಲ.

ಮಾವ ಆಂಬುಲೆನ್ಸ್ ಓಡಿಸುತ್ತಿದ್ದರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಇರುವವನೊಬ್ಬ ಮಗ, ನನ್ನ ಗಂಡ. ಬಸ್ಸಿನ ಎಂಜಿನ್ ಬಿಚ್ಚುವುದು ಜೋಡಿಸುವುದು ಅವರ ಕೆಲಸ. ಅಮ್ಮ ಹೇಳಿದ್ದಕ್ಕೆ ಹೂಂ, ಹೆಂಡತಿ ಹೇಳಿದ್ದಕ್ಕೆ ಹೂಂ, ಎರಡೂ ತಾಳೆಯಾಗದಿದ್ದರೆ ಗ್ಯಾರೇಜಿಗೆ ಹೊರಟುಬಿಡುವುದು ಅವರ ಸ್ವಭಾವ. ಮಗಳಿಗೆ ಹದಿನಾರು.

ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಅತ್ತೆಗೆ ಒಂದು ಸ್ಥಾನವಿತ್ತು. ದೀಕ್ಷಾಸ್ನಾನಕ್ಕೆ ನೀರಿಗಿಳಿಯುವವರು ತೊಡುವ ಬಿಳಿ ನಿಲುವಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕೊಡುವವರು ಅವರೇ. ನಮ್ಮ ಸಭೆಯಲ್ಲಿ ಹಸುಗೂಸುಗಳಿಗೆ ನೀರು ಚಿಮುಕಿಸುವುದಿಲ್ಲ. ಬುದ್ಧಿ ತಿಳಿದವರು ತರಗತಿಗೆ ಹೋಗಿ, ಪಶ್ಚಾತ್ತಾಪವೆಂದರೇನು ಎಂದು ಕಲಿತು, ಎಲ್ಲರ ಮುಂದೆ ಹೌದು ಎಂದು ಹೇಳಿ, ವೇದಿಕೆಯ ಕೆಳಗಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿ ಏಳಬೇಕು. ಎದ್ದವರಿಗೆ ಟವೆಲ್ಲು ಹೊದಿಸುವುದೂ ಅತ್ತೆಯೇ. ನಾನು ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡುವ ಪೈಕಿ. ನಾಲ್ಕು ಮಂದಿ ನೀರಿಗಿಳಿದು ಮತ್ತೆ ಸೋಮವಾರ ಮೊದಲಿನ ಹಾಗೇ ಜಗಳವಾಡುವುದನ್ನು ಕಂಡು, ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂದುಕೊಂಡವಳು.

ಹೋದ ವರ್ಷ ನನ್ನ ಮಗಳು ಆ ತರಗತಿಗೆ ಸೇರಿದಳು. ಒಂದು ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿಕೊಂಡು, "ಅಜ್ಜಿ, ಪಶ್ಚಾತ್ತಾಪಕ್ಕೆ ಒಂದು ಉದಾಹರಣೆ ಬರ್ಕೊಂಡು ಬರಬೇಕಂತೆ. ನಮ್ಮ ಮನೆಯವರದ್ದೇ ಆಗಿರ್ಬೇಕಂತೆ. ನಿಮ್ಮದು ಹೇಳಿ" ಎಂದಳು.

"ನಿಮ್ಮಮ್ಮನ್ನ ಕೇಳು" ಅಂದರು ಅತ್ತೆ.

"ಅಮ್ಮ ಯಾವತ್ತೂ ತಪ್ಪು ಮಾಡಿಲ್ವಂತೆ."

ಈ ಮಾತಿಗೆ ಅತ್ತೆ ನಗಬೇಕಿತ್ತು. ನನ್ನನ್ನು ಹಂಗಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ನಗಲಿಲ್ಲ. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಸಂಜೆ ನನ್ನ ಬಳಿ ಬಂದು ನಿಂತು, "ಈ ಸಲ ಇವಳ ಜೊತೆ ನಾನೂ ನೀರಿಗಿಳೀತೀನಿ" ಅಂದರು.

"ನೀವು ಇಳಿದು ನಲವತ್ತು ವರ್ಷ ಆಯ್ತಲ್ಲ ಅತ್ತೆ. ಬಣ್ಣ ಬಿಟ್ಟಿದೆಯಾ?" ಅಂದೆ ನಾನು, ನಾಲಿಗೆ ನನ್ನದಲ್ಲವೇ.

"ನನ್ನನ್ನ ಪಾದ್ರಿ ಹತ್ರ ಕರ್ಕೊಂಡು ಹೋಗು. ಒಬ್ಬಳೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬಂದುಬಿಡ್ತೀನಿ."

ಅವರ ಮುಖ ನೋಡಿ ನಾನು ತಮಾಷೆ ಬಿಟ್ಟು ಚಪ್ಪಲಿ ಮೆಟ್ಟಿದೆ.

ಪಾದ್ರಿ ನಮ್ಮ ಮನೆಯವರಿಗಿಂತ ಹತ್ತು ವರ್ಷ ಚಿಕ್ಕವರು. ಸಭೆಯ ಪಕ್ಕದ ಸಣ್ಣ ಕಚೇರಿಯಲ್ಲಿ ಕುರ್ಚಿಗಳ ಮೇಲೆ ಹಾಡಿನ ಪುಸ್ತಕಗಳ ರಾಶಿ. ಅದನ್ನು ಕೆಳಗಿಳಿಸಿ ನಮ್ಮನ್ನು ಕೂರಿಸಿದರು. ಅತ್ತೆ ಪೀಠಿಕೆ ಹಾಕಲಿಲ್ಲ.

"ಮೊದಲು ಪಶ್ಚಾತ್ತಾಪ, ಆಮೇಲೆ ನೀರು ಅಂತ ತರಗತೀಲಿ ಹೇಳಿಕೊಟ್ಟಿದ್ರು. ನಾನು ಮೊದಲನೇದನ್ನ ಮಾಡದೆ ಎರಡನೇದನ್ನ ಮಾಡಿಸಿಕೊಂಡೆ. ಹಾಗಾದ್ರೆ ನನಗೆ ಆಗಿದ್ದು ದೀಕ್ಷಾಸ್ನಾನಾನಾ, ಬರೀ ಸ್ನಾನಾನಾ?"

ಪಾದ್ರಿ ಪೆನ್ನು ಕೆಳಗಿಟ್ಟರು. ಅತ್ತೆ ಹೇಳಿದ್ದನ್ನು ನಾನು ಕೇಳಿಸಿಕೊಂಡದ್ದು ಹೀಗೆ.

ನಲವತ್ತು ವರ್ಷದ ಹಿಂದೆ ಆ ಹಜಾರದಲ್ಲಿ ಅತ್ತೆಯ ಜೊತೆ ಕೆಲಸಕ್ಕಿದ್ದವರು ಎಡಚಿ. ಎಡಗೈಯವರಾದ್ದರಿಂದ ಆ ಹೆಸರು. ಕರೆದರೆ ಓ ಅನ್ನುತ್ತಿದ್ದರು, ಬೇಸರವಿರಲಿಲ್ಲ. ಅತ್ತೆಗಿಂತ ಎರಡು ವರ್ಷ ದೊಡ್ಡವರು. ಅತ್ತೆಗೆ ಕೆಲಸ ಕಲಿಸಿದ್ದೂ ಅವರೇ, ಸಭೆಗೆ ಮೊದಲು ಕರೆದುಕೊಂಡು ಹೋದದ್ದೂ ಅವರೇ. ಇಬ್ಬರೂ ಒಂದೇ ತರಗತಿಯಲ್ಲಿ ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟಿದ್ದರು.

ಹಾಸುಬಟ್ಟೆ ಮಡಿಸುವಾಗ ಎಲ್ಲರೂ ಬಲದ ಅಂಚನ್ನು ಎಡದ ಮೇಲೆ ತಂದರೆ, ಎಡಚಿ ಎಡದ ಅಂಚನ್ನು ಬಲದ ಮೇಲೆ ತರುತ್ತಿದ್ದರು. ಬಟ್ಟೆಯ ಗಂಟು ಯಾರದೆಂದು ತಿಳಿಯಲು ಹೆಸರು ಬರೆಯಬೇಕಿರಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎಂದು ವಾರ್ಡಿನ ನರ್ಸುಗಳು ರೇಗಿಸುತ್ತಿದ್ದರು. ಆ ಮಡಿಕೆಗೆ ಎಡ ಮಡಿಕೆ ಎಂದೇ ಹೆಸರು.

ನೀರಿಗಿಳಿಯುವ ವಾರದ ಹಿಂದಿನ ವಾರ ಹಂಡೆಯ ಮುಚ್ಚಳ ತೆಗೆಯುವಾಗ ಹಬೆ ಬಡಿದು ಅತ್ತೆಯ ಬಲಗೈ ಬೆರಳುಗಳು ಸುಟ್ಟವು. ಗಾಜ್ ಸುತ್ತಿಕೊಂಡೇ ಕೆಲಸ ಮಾಡಿದರು. ಅಂದು ಸಂಜೆ ಐದಕ್ಕೆ ಕೊನೆಯ ತರಗತಿ. ಎಡಚಿ ತಮ್ಮ ಪಾಳಿ ಮುಗಿಸಿ ಮೊದಲೇ ಹೋಗಿದ್ದರು. ಅತ್ತೆಯ ಬಳಿ ಬಾಣಂತಿಯರ ವಾರ್ಡಿನ ಹನ್ನೆರಡು ಹಾಸುಬಟ್ಟೆ ಉಳಿದಿದ್ದವು. ತೊಳೆದಾಗಿತ್ತು, ಕುದಿಸಿರಲಿಲ್ಲ. ಕುದಿಸಲು ಕೂತರೆ ತರಗತಿ ತಪ್ಪುತ್ತದೆ. ತರಗತಿ ತಪ್ಪಿದರೆ ದೀಕ್ಷಾಸ್ನಾನ ಮುಂದಿನ ವರ್ಷಕ್ಕೆ. ಒಂದು ಸಲಕ್ಕೆ ಏನಾಗುತ್ತದೆ ಎಂದು ಹಾಗೇ ಒಣಗುವ ಕೋಣೆಗೆ ಹಾಕಿ ಓಡಿದರು. ಪಶ್ಚಾತ್ತಾಪದ ಪಾಠಕ್ಕೆ ಹೊತ್ತು ಮೀರಬಾರದೆಂದು ಮಾಡಿದ ಪಾಪ ಅದು. ನಾನು ಇದನ್ನು ಕಟ್ಟಿ ಬರೆದಿದ್ದರೆ ನೀವು ನಂಬುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ಬೇರೆಯವರು ಬರುವ ಮೊದಲೇ, ಅವನ್ನು ಮಡಿಸಿ ಗಂಟು ಕಟ್ಟಿದರು. ಬಲಗೈ ಬೆರಳು ಮಡಚಲಾಗದೆ ಎಡಗೈ ಮುಂದೆ ಮಾಡಿ ಮಡಿಸಿದ್ದರು. ಹಾಗೆ ಮಡಿಸಿದೆನೆಂಬ ಎಚ್ಚರವೂ ಅವರಿಗಿರಲಿಲ್ಲ.

ಮೂರು ದಿನಕ್ಕೆ ಒಬ್ಬ ಬಾಣಂತಿಗೆ ಜ್ವರ ಏರಿತು. ಹಾಸುಬಟ್ಟೆಯಲ್ಲಿ ಹಳದಿ ಕಲೆ, ವಾಸನೆ. ದೊಡ್ಡ ನರ್ಸಮ್ಮ ಉಳಿದ ಗಂಟನ್ನು ಹೊತ್ತು ತಂದು ಹಜಾರದ ನಡುವೆ, ಒಂಬತ್ತು ಮಂದಿಯ ಎದುರು ಬಿಚ್ಚಿದರು. ಎಲ್ಲವೂ ಎಡ ಮಡಿಕೆ. ಯಾರೂ ಏನೂ ಹೇಳಬೇಕಾಗಲಿಲ್ಲ. ಎಡಚಿಯೇ ಬಗ್ಗಿ ನೋಡಿ, "ನನ್ನದೇ ಮಡಿಕೆ" ಅಂದರಂತೆ. ಅವತ್ತೇ ಕೆಲಸದಿಂದ ಕಳಿಸಿದರು.

"ನಾನು ಸುಳ್ಳು ಹೇಳಲಿಲ್ಲ" ಅಂದರು ಅತ್ತೆ. "ನನ್ನನ್ನ ಯಾರೂ ಕೇಳಲೇ ಇಲ್ಲ. ಗಾಜ್ ಸುತ್ತಿದ ಕೈನ ಏಪ್ರನ್ ಹಿಂದೆ ಇಟ್ಕೊಂಡು ನಿಂತಿದ್ದೆ, ಅಷ್ಟೇ. ಮುಂದಿನ ಭಾನುವಾರ ನೀರಿಗಿಳಿದೆ. ಪಾಪಗಳಿಗೆ ಪಶ್ಚಾತ್ತಾಪಪಡ್ತೀರಾ ಅಂತ ಕೇಳಿದ್ರು. ಆರು ಜನ ಒಟ್ಟಿಗೆ ಹೌದು ಅಂದ್ವಿ. ಏಳು ಜನ ಇರಬೇಕಿತ್ತು. ಎಡಚಿ ಹೆಸರು ತೆಗೆಸಿಬಿಟ್ಟಿದ್ದಳು."

ಪಾದ್ರಿ ಲೋಟಕ್ಕೆ ನೀರು ಬಗ್ಗಿಸಿ ಅತ್ತೆಯ ಮುಂದಿಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ.

"ನನಗೆ ಒಗೆಯೋದು ಗೊತ್ತು ಪಾದ್ರಿಗಳೇ. ಕಲೆ ತೆಗೀದೆ ಬಿಸಿನೀರಿಗೆ ಹಾಕಿದ ಬಟ್ಟೆ ನಾನು. ಅದಕ್ಕೇ ಇನ್ನೊಂದು ಸಲ, ಸರಿಯಾಗಿ, ಮುಳುಗಿಸಿ."

"ಇಲ್ಲಮ್ಮ" ಅಂದರು ಪಾದ್ರಿ. "ದೀಕ್ಷಾಸ್ನಾನ ಒಂದೇ. ಅವತ್ತು ಆಗಿದ್ದೂ ದೀಕ್ಷಾಸ್ನಾನಾನೇ. ಅದು ನೀವು ಮಾಡಿದ ಕೆಲಸ ಆಗಿದ್ರೆ ಕೆಟ್ಟುಹೋಗ್ತಿತ್ತು. ಅದು ದೇವರು ಕೊಟ್ಟ ಮಾತು. ದೇವರು ಅವತ್ತು ಸುಳ್ಳು ಹೇಳಲಿಲ್ಲ, ಹೇಳಿದ್ದು ನೀವು. ಅವರ ಮಾತು ಹಾಗೇ ಇದೆ. ನಿಮ್ಮದು ಬಾಕಿ ಇದೆ."

"ಅದಕ್ಕೆ ದಿನಾ ಅಳ್ತಾನೇ ಇದೀನಲ್ಲ."

"ಅಳೋದು ಬೇರೆ, ತಿರುಗೋದು ಬೇರೆ. ಪಶ್ಚಾತ್ತಾಪ ಅಂದ್ರೆ ತಿರುಗಿ ನಡೆಯೋದು. ಎಡಚಿ ಈಗ ಎಲ್ಲಿದ್ದಾರೆ?"

"ಸೇತುವೆ ಆಚೆ."

"ಹಾಗಾದ್ರೆ ನಿಮಗೆ ಬೇಕಾಗಿರೋ ನೀರು ನಮ್ಮ ತೊಟ್ಟೀಲಿಲ್ಲ. ಸೇತುವೆ ದಾಟಿ."

ಹೊರಗೆ ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಹತ್ತೊಂಬತ್ತು ವರ್ಷ ನನ್ನ ಅಂಗಿಯ ಕಲೆ ಹುಡುಕಿದ ಹೆಂಗಸು ಇವರು. ಸಂತೆಗೆ ಹೋಗಲು ಸೇತುವೆ ಬಿಟ್ಟು ಸುತ್ತು ದಾರಿ ಯಾಕೆ ಹಿಡಿಯುತ್ತಾರೆಂದು ಈಗ ತಿಳಿಯಿತು. ಕಾಲು ನೋವೆಂದು ನನ್ನಿಂದ ಚೀಲ ಹೊರಿಸಿ, ಎರಡು ಮೈಲಿ ಹೆಚ್ಚು ನಡೆಸುತ್ತಿದ್ದರು.

"ಇನ್ನೊಂದು ಸಲ ಮುಳುಗಿದ್ರೆ ಎಡಚಿ ಮುಖ ನೋಡೋದು ತಪ್ಪುತ್ತೆ ಅಂತ ತಾನೆ?" ಎಂದು ಬೀದಿಯಲ್ಲೇ ಕೇಳಿದೆ.

"ಹೌದು" ಅಂದರು ಅತ್ತೆ. "ನೀರು ಸುಲಭ."

ಇಷ್ಟು ನೇರವಾಗಿ ಒಪ್ಪಿಕೊಂಡವರ ಮೇಲೆ ಜಗಳ ಮಾಡುವುದು ಹೇಗೆ? ಮನೆ ಹತ್ತಿರ ಬರುವಷ್ಟರಲ್ಲಿ ಸಿಟ್ಟು ಇಳಿದು, ಅವರ ಮೇಲೆ ಕನಿಕರ ಹುಟ್ಟಿತ್ತು. ನಾನಾಗಿದ್ದರೆ ಬಾಯಿ ಬಿಡುತ್ತಿದ್ದೆನೇ? ಆಗ ಮಗನಿಗೆ ಆರು ವರ್ಷ, ಕೆಲಸ ಹೋದರೆ ಇನ್ನೊಂದಿಲ್ಲ. ಒಂದು ಗಳಿಗೆ ಬಾಯಿ ಬಿಡದಿದ್ದರೆ, ಮರುದಿನ ಅದೇ ಬಾಯಿ ಎರಡರಷ್ಟು ಭಾರ. ಹಾಗೆ ನಲವತ್ತು ವರ್ಷ.

ಆಮೇಲಿನ ಮೂರು ವಾರ ನೋಡಬೇಕಿತ್ತು. ಒಂದು ದಿನ ಮಂಡಿ ನೋವು, ಒಂದು ದಿನ ಮೋಡ, ಒಂದು ದಿನ ಬರಿಗೈಯಲ್ಲಿ ಹೇಗೆ ಹೋಗುವುದು ಎಂಬ ಯೋಚನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಲ್ಕನೆಯ ವಾರ ನಾನು ಅಂಗಡಿಗೆ ರಜೆ ಹಾಕಿ, ಅವರ ಚಪ್ಪಲಿಯನ್ನು ಬಾಗಿಲ ಮುಂದೆ ಜೋಡಿಸಿಟ್ಟು ಕಾದು ನಿಂತೆ.

ಎಡಚಿ ಈಗ ಬೆತ್ತದ ಕುರ್ಚಿಗಳಿಗೆ ಹೊಸ ಹೆಣಿಗೆ ಹಾಕಿಕೊಡುತ್ತಾರೆ. ಸೇತುವೆಯ ಆಚೆ, ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಳಗೆ ಇಪ್ಪತ್ತಾದರೂ ಕುರ್ಚಿಗಳು, ಒಂದಕ್ಕೂ ಕೂರುವ ಜಾಗವಿಲ್ಲ, ಎಲ್ಲ ತಳವಿಲ್ಲದವು. ನೆನೆಹಾಕಿದ ಬೆತ್ತದ ಪಟ್ಟಿಗಳ ಬಕೆಟ್ಟನ್ನು ಸರಿಸಿ, ಎಡಚಿ ನಮಗೆ ಹಾಸಿಗೆಯ ಅಂಚು ತೋರಿಸಿದರು. ಅತ್ತೆಯನ್ನು ಕಂಡು ಅವರಿಗೆ ಸಂತೋಷವೇ ಆಗಿತ್ತು. ಅದನ್ನು ನೋಡುವುದು ಕಷ್ಟವಾಯಿತು.

"ಏನೇ, ಮುದುಕಿ ಆಗಿಬಿಟ್ಟಿದೀಯ" ಅಂದರು. "ಇವಳು ಸೊಸೆನಾ? ಇವಳಿಗೂ ಕಲೆ ನೋಡೋಕೆ ಕಲಿಸಿದೀಯಾ?"

ಅತ್ತೆ ಕೂರಲಿಲ್ಲ. ನಿಂತೇ ಹೇಳಿದರು. ಹನ್ನೆರಡು ಹಾಸುಬಟ್ಟೆ, ಸುಟ್ಟ ಕೈ, ಎಡಗೈಯಲ್ಲಿ ಮಡಿಸಿದ್ದು, ಏಪ್ರನ್. ಹೇಳುವಾಗ ಅಳಲಿಲ್ಲ, ಅತ್ತರೆ ಎಡಚಿ ಸಮಾಧಾನ ಮಾಡಲು ಬಂದುಬಿಡುತ್ತಾರೆಂದು ಹೆದರಿದ್ದರಂತೆ.

ಎಡಚಿಯ ಕೈಯಲ್ಲಿದ್ದ ಬೆತ್ತದ ಪಟ್ಟಿ ನಿಂತಿತು. ಮತ್ತೆ ಎರಡು ಎಳೆ ಹೆಣೆದರು. ಮತ್ತೆ ನಿಂತಿತು.

"ಇಲ್ಲ" ಅಂದರು. "ನನಗೆ ನೆನಪಿದೆ. ಅವತ್ತು ನಾನೇ ಹಂಡೆ ತನಕ ಹೋಗಿ, ಹೊತ್ತಾಯ್ತು ಅಂತ ಆ ಬಟ್ಟೆ ಹಾಗೇ ಎತ್ತಿಟ್ಟೆ. ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ."

"ನೀನು ಮೂರು ಗಂಟೆಗೇ ಹೊರಟಿದ್ದೆ. ಆ ಬಟ್ಟೆ ವಾರ್ಡಿಂದ ಬಂದಿದ್ದೇ ಮೂರೂವರೆಗೆ."

ಎಡಚಿ ನೆಲ ನೋಡುತ್ತ ಕೂತರು. ಅವರು ಮನಸ್ಸಿನಲ್ಲೇ ಆ ಹಜಾರಕ್ಕೆ ಹೋಗಿ, ತೊಟ್ಟಿಯಿಂದ ಹಂಡೆಗೆ, ಹಂಡೆಯಿಂದ ಬಾಗಿಲಿಗೆ ನಡೆದು ನೋಡುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು.

"ಆಗದೇ ಇದ್ದದ್ದು ನನಗೆ ಹೇಗೆ ನೆನಪಿದೆ ಹಾಗಾದ್ರೆ?" ಎಂದು ನನ್ನನ್ನು ಕೇಳಿದರು, ಅತ್ತೆಯನ್ನಲ್ಲ. "ಆ ಬಾಣಂತಿ ಹನ್ನೊಂದು ದಿನ ಮಲಗಿದ್ದಳು. ಹುಷಾರಾಗಿ ಮನೆಗೆ ಹೋದಮೇಲೆ ವಿಳಾಸ ಹುಡುಕಿಕೊಂಡು ಹೋದೆ. ತಪ್ಪಾಯ್ತು ತಾಯಿ ಅಂತ ಬಾಗಿಲಲ್ಲಿ ನಿಂತು ಕೇಳಿಕೊಂಡೆ. ಅವಳ ಗಂಡ ಬೈದ, ಬೈಸಿಕೊಂಡೆ. ಇಂಥ ಕೈ ಇಟ್ಕೊಂಡು ನೀರಿಗೆ ಹೇಗಿಳೀಲಿ ಅಂತ ಆ ಭಾನುವಾರಕ್ಕೆ ಮೊದಲೇ ಹೆಸರು ತೆಗೆಸಿದ್ದೆ. ಸಭೆ ಮೆಟ್ಟಿಲು ಆಮೇಲೆ ಹತ್ತಲಿಲ್ಲ. ಪ್ರತಿ ದಿನ ಕ್ಷಮಿಸು ಅಂತ ಬೇಡಿದೀನಿ. ನಲವತ್ತು ವರ್ಷ." ಈಗ ಅತ್ತೆಯ ಕಡೆ ತಿರುಗಿದರು. "ನಿನ್ನ ಪಶ್ಚಾತ್ತಾಪ ನಾನು ಪಟ್ಟೆ. ನನ್ನ ದೀಕ್ಷಾಸ್ನಾನ ನೀನು ತಗೊಂಡೆ."

ಕೆಲಸ ಹೋಯಿತೆಂಬುದೊಂದೇ ಅತ್ತೆ ಇಷ್ಟು ವರ್ಷ ಹೊತ್ತ ಲೆಕ್ಕ. ಎಡಚಿ ಸ್ವತಃ ತಪ್ಪಿತಸ್ಥೆ ಎಂದು ನಂಬಿಬಿಟ್ಟಿದ್ದಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಂದು ಹಾಸಿಗೆಯ ಅಂಚಿನಲ್ಲಿ ಕೂತರು.

"ನಾನೇನು ಮಾಡ್ಲಿ ಹೇಳು" ಅಂದರು.

"ಈ ಕೋಣೇಲಿ ಹೇಳಿದ್ರೆ ಏನು ಬಂತು? ನನ್ನನ್ನ ಹೊರಗೆ ಹಾಕಿದ್ದು ಎಲ್ಲರ ಮುಂದೆ. ಅವರಲ್ಲಿ ಅರ್ಧ ಜನ ನಿಮ್ಮ ಸಭೇಲಿದ್ದಾರೆ. ಅಲ್ಲಿ ಹೇಳು. ನಾನು ಬಂದು ಕೇಳಿಸ್ಕೋತೀನಿ. ಈಗ ಹೋಗಿ, ಬೆತ್ತ ಒಣಗ್ತಿದೆ."

ಮನೆಯಲ್ಲಿ ನನ್ನ ಗಂಡನಿಗೆ ವಿಷಯ ಹೇಳಿದೆ. ಗ್ಯಾರೇಜಿಗೆ ಓಡುತ್ತಾರೆ ಅಂದುಕೊಂಡಿದ್ದೆ. ಓಡಲಿಲ್ಲ. ಅಮ್ಮನ ಪಕ್ಕ ಹೋಗಿ ಕೂತು, "ಆಗ ನಾನು ಆರು ವರ್ಷದವನು. ನನ್ನ ಹೊಟ್ಟೆಗೂ ಸೇರಿಸಿ ಸುಮ್ಮನಿದ್ದೆ ನೀನು. ನಾನೂ ಜೊತೇಲಿ ನಿಲ್ತೀನಿ" ಅಂದರು. ಮದುವೆಯಾದ ಮೇಲೆ ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಬೇಡವೆಂದರು. ನಿಂತವಳು ಒಬ್ಬಳೇ, ಹೇಳುವವಳೂ ಒಬ್ಬಳೇ ಅಂದರು.

ಮಗಳು ನೀರಿಗಿಳಿಯುವ ಹಿಂದಿನ ಭಾನುವಾರ, ಪ್ರಕಟಣೆಗಳ ಹೊತ್ತಿಗೆ ಪಾದ್ರಿ ಅತ್ತೆಯನ್ನು ಕರೆದರು. ಎಡಚಿ ಹಿಂದಿನ ಬೆಂಚಿನಲ್ಲಿ, ನನ್ನ ಪಕ್ಕ, ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಅತ್ತೆ ಐದೇ ಐದು ವಾಕ್ಯ ಹೇಳಿದರು. ಕುದಿಸದ ಬಟ್ಟೆ ನನ್ನದು. ಮಡಿಸಿದ್ದು ನಾನು. ಎಡಚಿ ಆ ಹೊತ್ತಿಗೆ ಅಲ್ಲಿರಲೇ ಇಲ್ಲ. ನನಗೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ಅದೇ ಬಾಯಲ್ಲಿ ಇಲ್ಲಿ ಹೌದು ಅಂದೆ. ನಾನು ಕದ್ದದ್ದು ಅವಳ ಒಳ್ಳೆಯ ಹೆಸರನ್ನ.

ನಿವೃತ್ತ ನರ್ಸೊಬ್ಬರು ಪಕ್ಕದವರಿಗೆ, "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು" ಎಂದು ಪಿಸುಗುಟ್ಟಿದರು. ನನಗೆ ರೇಗಿತು. ಯಾವ ವಯಸ್ಸಲ್ಲಿ ಬೇಕಿತ್ತು ಎಂದು ಕೇಳಬೇಕೆನಿಸಿತು. ಎಡಚಿ ಮಾತ್ರ ಕೊನೆಯ ಪ್ರಾರ್ಥನೆಗೂ ನಿಲ್ಲದೆ ಎದ್ದು ಹೊರಟುಹೋದರು. ಅತ್ತೆಯ ಕಡೆ ನೋಡಲೂ ಇಲ್ಲ.

ತಪ್ಪೊಪ್ಪಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ. ಸರಿಹೋಗಲಿಲ್ಲ. ಬಿಳಿ ಅಂಗಿಗಳನ್ನು ಬೇರೆಯವರಿಗೆ ಕೊಡೋಣವೇ ಎಂದು ಮಹಿಳಾ ಮಂಡಳಿಯಲ್ಲಿ ಗುಸುಗುಸು ಎದ್ದಿತು, ಪಾದ್ರಿ ಬೇಡವೆಂದರು. ಎದುರು ಸಿಕ್ಕರೆ ಕೈ ಹಿಡಿದು ಮಾತಾಡುತ್ತಿದ್ದ ಇಬ್ಬರು ಈಗ ತಲೆ ಆಡಿಸಿ ಹೋಗುತ್ತಾರೆ. ಅತ್ತೆ ಅದನ್ನೆಲ್ಲ ಸಹಿಸಿಕೊಂಡರು. ಸಹಿಸಲಾಗದೆ ಹೋದದ್ದು ಎಡಚಿಯ ಮೌನವನ್ನು. ಪ್ರತಿ ಬುಧವಾರ ಸೇತುವೆ ದಾಟಿ ಹೋಗುತ್ತಿದ್ದರು. ಎಡಚಿ ಬಾಗಿಲು ತೆರೆಯುತ್ತಿದ್ದರು, ಇವರು ಹಾಸಿಗೆಯ ಅಂಚಿನಲ್ಲಿ ಕೂರುತ್ತಿದ್ದರು, ಅವರು ಹೆಣೆಯುತ್ತಿದ್ದರು. ಅರ್ಧ ಗಂಟೆಗೆ ಇವರು ಎದ್ದು ಬರುತ್ತಿದ್ದರು. ಒಂದು ಸಲ ನಾನು, "ಮಾತಾಡದವರ ಮನೆಗೆ ಯಾಕೆ ಹೋಗ್ತೀರಿ?" ಅಂದೆ.

"ಅವಳು ಬೈಯೋಕೆ ಮನಸ್ಸು ಮಾಡಿದ ದಿನ ನಾನು ಎದುರಿಗಿರಬೇಡವಾ?" ಅಂದರು.

ಮೂರನೆಯ ತಿಂಗಳು ಎಡಚಿ ತಮ್ಮಷ್ಟಕ್ಕೆ ತಾವೇ ಪಾದ್ರಿಯ ಬಳಿ ಹೋಗಿ, ನೀರಿಗಿಳಿಯಲು ಹೆಸರು ಬರೆಸಿದರಂತೆ. ನಡುವೆ ಒಂದು ತಮಾಷೆಯೂ ಆಯಿತು. ಪಾದ್ರಿ ಎಂದಿನಂತೆ ಪಶ್ಚಾತ್ತಾಪದ ಪಾಠ ತೆಗೆದಾಗ ಎಡಚಿ, "ನಲವತ್ತು ವರ್ಷ ಪಟ್ಟಿದ್ದು ನನ್ನದಲ್ಲ ಅಂತ ಆಯ್ತು. ಈಗ ನನ್ನದೇ ಅಂತ ಒಂದು ಹುಡುಕಬೇಕಲ್ಲ ಸ್ವಾಮಿ" ಅಂದರಂತೆ. ತರಗತಿಯ ಹುಡುಗಿಯರೆಲ್ಲ ನಕ್ಕರು. ಎಡಚಿ ನಗಲಿಲ್ಲವಂತೆ. ಹೆಸರು ಕೊಟ್ಟ ಮೇಲೂ ಐದು ತಿಂಗಳು ಪಾದ್ರಿ ದಿನ ಕೇಳಿದಾಗಲೆಲ್ಲ, ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದರು.

ಕೊನೆಗೆ ದಿನ ಗೊತ್ತಾಯಿತು. ಅತ್ತೆ ಒಗೆದ ಅಂಗಿ ಬೇಡವೆಂದು ಎಡಚಿ ಹೇಳಿಕಳಿಸಿ, ತಮ್ಮದೊಂದನ್ನು ತಾವೇ ಹೊಲಿದು ತಂದರು. ಅತ್ತೆಯ ಮುಖ ಸಣ್ಣದಾಯಿತು. ಅಂದು ಟವೆಲ್ಲು ಹೊದಿಸುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಬಂದು ನನ್ನ ಪಕ್ಕ ಕೂತರು.

ಎಡಚಿಯ ಸರದಿ ಬಂತು. ಎಪ್ಪತ್ತು ವರ್ಷದ ಹೆಂಗಸು, ಪಾದ್ರಿಯ ಕೈ ಹಿಡಿದು ತೊಟ್ಟಿಯ ಮೂರು ಮೆಟ್ಟಿಲಿಳಿದು, ಸೊಂಟದವರೆಗಿನ ನೀರಿನಲ್ಲಿ ನಿಂತರು. ಪಾದ್ರಿ ಕೇಳಿದರು, "ನಿಮ್ಮ ಪಾಪಗಳಿಗಾಗಿ ಪಶ್ಚಾತ್ತಾಪಪಡುತ್ತೀರಾ?"

"ಒಂದು ನಿಮಿಷ ಇರಿ" ಅಂದರು ಎಡಚಿ.

ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದರು. ಒದ್ದೆ ಅಂಗಿಯನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದು, ನೀರು ಸುರಿಸುತ್ತ, ಬೆಂಚುಗಳ ನಡುವಿನ ದಾರಿಯುದ್ದಕ್ಕೂ ನಡೆದು ನಮ್ಮ ಸಾಲಿನವರೆಗೆ ಬಂದರು. ಅತ್ತೆ ಎದ್ದು ನಿಂತರು.

"ಕ್ಷಮಿಸಿದೀನಿ ಅಂತ ಹೇಳೋಕೆ ಬಂದಿಲ್ಲ" ಅಂದರು ಎಡಚಿ. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸುತ್ತಿತ್ತು. "ಅದು ಇನ್ನೂ ಪೂರ್ತಿ ಬಂದಿಲ್ಲ. ನೀನು ಬಂದು ಹೇಳಿದ ದಿನದಿಂದ, ನೀನು ಸಾಯಲಿ ಅಂತ ದಿನಾ ಬೇಡಿಕೊಂಡೆ. ಬುಧವಾರ ನೀನು ಎದುರಿಗೆ ಕೂತಾಗಲೂ ಬೇಡಿಕೊಂಡೆ. ಹೋದ ತಿಂಗಳು ನಿಲ್ಲಿಸಿದೆ. ಅದು ನನ್ನ ಪಾಪ, ನಾನೇ ಮಾಡಿದ್ದು. ನಿನ್ನ ಮುಂದೆ ಹೇಳದೆ ಆ ನೀರಲ್ಲಿ ನಿಂತು ಹೌದು ಅನ್ನೋಕೆ ಬಾಯಿ ಬರಲಿಲ್ಲ."

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ಬೇಡಿಕೊಂಡಿದ್ದಕ್ಕೆ ನನಗೇನೂ ಬೇಜಾರಿಲ್ಲ" ಅಂದರು. "ಹೋಗು, ಪಾದ್ರಿಗಳು ನೀರಲ್ಲಿ ನಿಂತಿದಾರೆ."

ಎಡಚಿ ತಿರುಗಿ ನಡೆದರು. ಅತ್ತೆ ಕೂರಲಿಲ್ಲ. ಎಡಚಿ ಮೆಟ್ಟಿಲಿಳಿದು, ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಸಿಕೊಂಡು, ಹೌದು ಅಂದು, ಮುಳುಗಿ, ಎದ್ದು, ಮುಖದ ಮೇಲಿನ ನೀರು ಒರೆಸಿಕೊಳ್ಳುವವರೆಗೂ ಅವರು ನಿಂತೇ ಇದ್ದರು.